ಸಬಾಹಾಳ ಹಾಯಿಗಂಬ

ನಡುಹೊಳೆಯಲ್ಲಿ ದೋಣಿಯವನು ಊಟಕ್ಕೆ ಕೂತಿರುತ್ತಾನೆ. ದಂಡೆಯ ಮೇಲೆ ಯಾರೋ ಹೋಗುತ್ತಿರುತ್ತಾರೆ. ಇವನು ರೊಟ್ಟಿ ಹಿಡಿದ ಕೈಯನ್ನೇ ಎತ್ತಿ, "ಬರ್ರಿ, ಊಟಾ ಮಾಡೂಣು ಬರ್ರಿ!" ಎಂದು ಕೂಗುತ್ತಾನೆ. ದಂಡೆಯವರು ಎದೆಯ ಮೇಲೆ ಕೈಯಿಟ್ಟು, "ನಿಮ್ಮ ಹೊಟ್ಟಿ ತಣ್ಣಗಿರಲಿ" ಎಂದು ಹರಸಿ ಮುಂದಕ್ಕೆ ಹೋಗುತ್ತಾರೆ. ನಡುವೆ ಇಷ್ಟು ದೊಡ್ಡ ನೈಲ್ ಹರಿಯುತ್ತಿರುವಾಗ ಯಾರು ಬಂದಾರು? ಕರೆದವನ ರೊಟ್ಟಿಯೂ ಉಳಿಯಿತು, ಮರ್ಯಾದೆಯೂ ಉಳಿಯಿತು. ಬರೀ ಬಾಯುಪಚಾರಕ್ಕೆಲ್ಲ ನಮ್ಮ ಲಕ್ಸರಿನಲ್ಲಿ 'ದೋಣಿಯವನ ಕರೆ' ಎಂದೇ ಹೆಸರು. ಆ ಕರೆಯನ್ನು ನಿಜವೆಂದು ನಂಬಿ ನೀರಿಗಿಳಿದವರನ್ನು ನಾನು ಈ ಜನ್ಮದಲ್ಲಿ ಒಂದೇ ಸಲ ನೋಡಿದ್ದೇನೆ. ಸಬಾಹಾಳ ಬದುಕು ತಿರುಗಿದ್ದು ಅವತ್ತೇ.

ಸಬಾಹಾ ನನ್ನ ಪಕ್ಕದ ಮನೆಯವಳು. ನಮ್ಮಿಬ್ಬರ ಮನೆಗಳಿಗೂ ಒಂದೇ ಗೋಡೆ, ಒಂದೇ ರೊಟ್ಟಿಯ ಒಲೆ. ಅವಳು ಮೀನುಗಾರರ ಮಗಳು, ಕೆನಾ ಕಡೆಯವಳು. ಅವರಲ್ಲಿ ಗಂಡಸು ದೋಣಿಯ ಮೂಗಿನ ಮೇಲೆ ನಿಂತು ಬಲೆ ಬೀಸಿದರೆ ಹೆಂಗಸು ಹಿಂದೆ ಕೂತು ಹುಟ್ಟು ಹಾಕುತ್ತಾಳೆ. ಮಕ್ಕಳು ನಡೆಯುವುದಕ್ಕಿಂತ ಮೊದಲು ಈಜುತ್ತವೆ. ಅಂಥವಳು ಮದುವೆಯಾಗಿ ಬಂದದ್ದು ಹಾಯಿದೋಣಿಯವರ ಮನೆಗೆ. ಹಾಯಿದೋಣಿಯವರೆಂದರೆ ನಮ್ಮಲ್ಲಿ ಒಂದು ಗತ್ತು. ಬಿಳಿ ಹಾಯಿ, ಬಿಳಿ ಅಂಗಿ, ಊರು ನೋಡಲು ಬಂದ ಪರದೇಶದ ಜನ, ಪರದೇಶದ ಮಾತು. ಅವರಿಗೆ ಮೀನುಗಾರರು ಕಣ್ಣಿಗೇ ಕಾಣುವುದಿಲ್ಲ. ಅವರ ಹೆಂಗಸರು ದೋಣಿ ಹತ್ತುವುದೂ ಇಲ್ಲ.

ಬಂದ ಹೊಸದರಲ್ಲಿ ಅವಳ ಭಾವನ ಹೆಂಡತಿ ತಫೀದಾ ಎಲ್ಲರೆದುರಿಗೆ ಮೂಗು ಮುಚ್ಚಿಕೊಂಡು, "ಯವ್ವಾ, ಎಷ್ಟ ತೊಳದ್ರೂ ಮೀನಿನ ನಾತ ಹೋಗವಲ್ದು" ಎಂದಳು.

ಸಬಾಹಾ ಹಿಟ್ಟು ನಾದುತ್ತಲೇ ಹೇಳಿದಳು: "ಅದಕ್ಕೇನ ಅಕ್ಕಾ, ಬೆಕ್ಕಿನಂಗ ನನ್ನ ಹಿಂದ ಹಿಂದ ಅಡ್ಡಾಡ್ತೀ?"

ಒಲೆಯ ಸುತ್ತ ಕೂತಿದ್ದ ನಾವೆಲ್ಲ ಸೆರಗಿನಲ್ಲಿ ಮುಖ ಹುದುಗಿಸಿ ನಕ್ಕೆವು. ತಫೀದಾ ಆ ಮಾತನ್ನು ಬಹಳ ವರ್ಷ ಮರೆಯಲಿಲ್ಲ.

ಸಬಾಹಾಳ ಗಂಡ ಕಿನಾವಿ ಒಳ್ಳೆಯವನು. ಗಾಳಿಯ ವಿಷಯ ಬಂದರೆ ಅವನಷ್ಟು ಬಲ್ಲವರು ದೋಣಿಗಳು ನಿಲ್ಲುವ ನಮ್ಮ ಕಡವಿನಲ್ಲಿ ಇರಲಿಲ್ಲ. ಅಪ್ಪ ಕಟ್ಟಿದ 'ನೆಜ್ಮಾ' ಎಂಬ ದೋಣಿಯನ್ನು ಅವನೇ ನಡೆಸುತ್ತಿದ್ದ. ದೋಣಿ ಅಣ್ಣತಮ್ಮಂದಿರಿಬ್ಬರಿಗೂ ಸೇರಿದ್ದು. ಅಣ್ಣ ಹಾಜಿ ಹಿಫ್ನಿ ಎಂಜಿನ್ ದೋಣಿಗಳನ್ನು ಮಾಡಿಕೊಂಡಿದ್ದರಿಂದ ಹಾಯಿಯ ತಂಟೆಗೆ ಬರುತ್ತಿರಲಿಲ್ಲ. ಹೀಗಿರುವಾಗ ಕಿನಾವಿಯ ಕಣ್ಣುಗಳಿಗೆ ಹಾಲು ಬಿದ್ದ ಹಾಗೆ ಪೊರೆ ಬಂತು. ನೀರಿನ ಮೇಲಿನ ಬಿಸಿಲನ್ನು ಅಷ್ಟು ವರ್ಷ ನೋಡಿದ್ದಕ್ಕೋ ಏನೋ. ಒಂದು ಕಣ್ಣಿಗೆ ಕತ್ತರಿ ಹಾಕಿಸಿದರು, ಅದೂ ಹತ್ತಲಿಲ್ಲ. ಹೆಣ್ಣುಮಕ್ಕಳು ಮದುವೆಯಾಗಿ ಹೋಗಿದ್ದರು, ಗಂಡುಮಕ್ಕಳಿರಲಿಲ್ಲ. ಆಳನ್ನಾದರೂ ಇಡೋಣವೆಂದರೆ ಹಿಫ್ನಿಗೆ ಹೆದರಿ ಕಡವಿನ ಒಬ್ಬನೂ ಬರಲಿಲ್ಲ. ನೆಜ್ಮಾ ದಂಡೆಯಲ್ಲಿ ಕಟ್ಟಿದ ಕತ್ತೆಯ ಹಾಗೆ ನಿಂತಿತು.

ಒಂದು ಸಂಜೆ ಹಿಫ್ನಿ ಅವರ ಜಗಲಿಗೆ ಬಂದು ಕೂತ. ಗೋಡೆಯಾಚೆ ನನಗೆ ಎಲ್ಲ ಕೇಳಿಸುತ್ತಿತ್ತು.

"ತಮ್ಮಾ, ನಿಂತ ದೋಣಿ ಹೆಣಕ್ಕ ಸಮ. ಕಂಬ ಕೊಯ್ದು ಎಂಜಿನ್ ಕೂಡಸ್ತೀನಿ. ನಿನಗೂ ಕೂಳ ಹಾಕ್ತೀನಿ."

"ಅಪ್ಪ ತನ್ನ ಕೈಲೆ ನೆಟ್ಟ ಕಂಬ ಅಣ್ಣಾ ಅದು."

"ಅಪ್ಪ ಹೋದ, ನಿನ್ನ ಕಣ್ಣೂ ಹೋದ್ವು. ಇರಲಿ, ಬಕ್ರೀದ್ ತನಕಾ ತಡೀತೀನಿ. ಅಷ್ಟರಾಗ ನಿನ್ನ ಮನ್ಯಾಗ ಹಾಯಿ ಬಿಚ್ಚವ್ರು ಯಾರಾದ್ರೂ ಹುಟ್ಟಿದ್ರ ದೋಣಿ ನಿನ್ನದ. ಇಲ್ಲಂದ್ರ ಗರಗಸ ತರಸ್ತೀನಿ."

ಅವನು ಹೋದ ಮೇಲೆ ಸಬಾಹಾ ಒಲೆಯ ಹತ್ತಿರ ಬಂದು ಕೂತಳು. ಅತ್ತಿರಲಿಲ್ಲ. "ಕಂಬ ಕೊಯ್ದ್ರ ನನ್ನ ಗಂಡ ಬದಕೂದಿಲ್ಲ, ಉಮ್ ಬದ್ರಿ" ಎಂದಳು, ಅಷ್ಟೇ. ಬದ್ರಿ ನನ್ನ ಹಿರಿಮಗ, ಅವನ ಹೆಸರಿನಿಂದಲೇ ಎಲ್ಲರೂ ನನ್ನನ್ನು ಕರೆಯುವುದು. ಅವಳ ಮಾತು ಸುಳ್ಳಲ್ಲ ಎಂದು ನನಗೂ ಗೊತ್ತಿತ್ತು. ಕಿನಾವಿ ದಿನವೂ ಬೆಳಿಗ್ಗೆ ತಡವರಿಸುತ್ತ ಕಡವಿಗೆ ಹೋಗಿ ಆ ಕಂಬಕ್ಕೆ ಬೆನ್ನು ಕೊಟ್ಟು ಕೂತು ಬರುತ್ತಿದ್ದ. ಅದೊಂದೇ ಅವನಿಗೆ ಉಳಿದಿದ್ದ ಕೆಲಸ.

ಬಿಸಿಲಿಗೆ ನಿಂತ ದೋಣಿಯ ಹಲಗೆ ಬಿರಿಯುತ್ತದೆ, ಆಗಾಗ ನಡುನೀರಿಗೆ ಒಯ್ದು ನೆನೆಸಿ ತರಬೇಕು. ಚಳಿಗಾಲದ ಒಂದು ಶುಕ್ರವಾರ, ನಮಾಜು ಮುಗಿದ ಹೊತ್ತಿಗೆ, ಸಬಾಹಾ ಬುಟ್ಟಿ ಹೊತ್ತು ನನ್ನ ಬಾಗಿಲಿಗೆ ಬಂದಳು.

"ಏಳು, ದೋಣಿಗೆ ನೀರ ಕುಡಿಸ್ಕೊಂಡ ಬರೂಣು."

"ಒಲ್ಲೆ ಮಾರಾಯ್ತಿ. ನೀರ ಕಂಡ್ರ ನನ್ನ ಎದಿ ಢವಢವ ಅಂತೈತಿ."

"ಕಣ್ಣ ಕಾಣದ ಗಂಡನ್ನ ನಡುನೀರಿಗೆ ಒಯ್ದಾಳ, ಏನ ಮಾಡ್ತಾಳೋ ಅಂತ ಜನ ಆಡ್ಕೋತಾರ. ಸಾಕ್ಷಿಗೆ ಒಬ್ರು ಬ್ಯಾಡೇನ?"

ಸಾಕ್ಷಿ ಹೇಳುವುದಕ್ಕೆಂದು ಹೋದೆ. ಅವಳು ಹುಟ್ಟು ಹಾಕಿ ದೋಣಿಯನ್ನು ನಡುಹೊಳೆಗೆ ತಂದು ಲಂಗರು ಬಿಟ್ಟಳು. ಕಡವಿನ ಗಂಡಸರು, "ಮೀನಗಾರ್ತಿ ಬಲಿ ಮರ್ತ ಬಂದಾಳ ನೋಡ್ರೋ" ಎಂದು ನಗಾಡಿದರು. ಹುಟ್ಟು ಹಾಕುವುದನ್ನು ಅವರು ಹೇಗೋ ಸಹಿಸುತ್ತಿದ್ದರು. ಹಾಯಿಯನ್ನು ಹೆಂಗಸು ಮುಟ್ಟುವ ಮಾತು ಮಾತ್ರ ಯಾರ ತಲೆಗೂ ಬಂದಿರಲಿಲ್ಲ. ಅದು ಮೇಲೆ ಅಡ್ಡತೊಲೆಗೆ ಸುತ್ತಿ ಕಟ್ಟಿದ ಹಾಗೆಯೇ ಇತ್ತು.

ಬುಟ್ಟಿ ಬಿಚ್ಚಿದೆವು. ಬಿಸಿಲಿಗೆ ಹುದುಗು ಬರಿಸಿದ ದಪ್ಪ ರೊಟ್ಟಿ, ಹುರಿದ ಮೀನು, ಹಸಿ ಈರುಳ್ಳಿ, ಗಡಿಗೆಯಲ್ಲಿ ಉಪ್ಪು ಹಾಕಿಟ್ಟು ವರ್ಷಗಟ್ಟಲೆ ಹಳತಾದ ಚೀಸು. ನಾನು ಒಂದು ಕೈಯಲ್ಲಿ ಹಾಯಿಗಂಬವನ್ನು ತಬ್ಬಿಕೊಂಡು ಇನ್ನೊಂದು ಕೈಯಲ್ಲಿ ಉಣ್ಣುತ್ತಿದ್ದೆ. ನಮ್ಮೂರಿನ ಹಳೆಯ ಕಲ್ಲುಗುಡಿಯ ಕೆಳಗಿನ ದಂಡೆಯಲ್ಲಿ ಬಹಳ ಜನ ಮಾತಾಡುವ ಸದ್ದು ಕೇಳಿತು. ಕಿನಾವಿಗೆ ಯಾರೂ ಕಾಣುತ್ತಿರಲಿಲ್ಲ. ಆದರೂ ಬಾಯಿಯ ಚಾಳಿ ಎಲ್ಲಿ ಹೋದೀತು? ಮೀನಿನ ತುಂಡು ಎತ್ತಿ ಹಿಡಿದು, "ಬರ್ರೀ, ಊಟಾ ಮಾಡೂಣು ಬರ್ರೀ!" ಎಂದು ದನಿ ತೆಗೆದು ಕೂಗಿದ.

ದಂಡೆಯಲ್ಲಿದ್ದವರು ನಮ್ಮೂರಿನವರಾಗಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಅವರು ಪಡುವಣ ಮರಳುಗಾಡಿನ ದಾಖ್ಲಾ ಓಯಸಿಸ್ಸಿನವರು. ಇಡೀ ಕುಲವೇ ಬಸ್ಸು ಮಾಡಿಕೊಂಡು ಲಕ್ಸರ್ ನೋಡಲು ಬಂದಿತ್ತು. ಬೆಳಗಿನಿಂದ ಕಲ್ಲು ಕಂಬ ನೋಡಿ ದಣಿದು ಬಸ್ಸಿಗಾಗಿ ಕಾಯುತ್ತ ನಿಂತಿದ್ದರು. ಅವರ ಸೀಮೆಯಲ್ಲಿ ಬಾವಿಯಿದೆ, ಊಟೆಯಿದೆ, ಹೊಳೆಯಿಲ್ಲ, ದೋಣಿಯಿಲ್ಲ. ದೋಣಿಯವನ ಕರೆಯೂ ಇಲ್ಲ. ಮರಳಿನಲ್ಲಿ ಯಾರಾದರೂ ಊಟಕ್ಕೆ ಕರೆದರೆಂದರೆ ಕರೆದರು, ಅಷ್ಟೇ. ಕೇಳಿಸಿಯೂ ಹೋಗದಿದ್ದರೆ ಕರೆದವನ ಒಲೆಗೆ ಉಗುಳಿದ ಹಾಗೆ. ಅವರ ಹಿರಿಯಳು ಗಾಲಿಯಾ, ಎದೆತುಂಬ ಕೆಂಪು ಕಸೂತಿಯ, ಪಾದದವರೆಗಿನ ಕರಿ ಅಂಗಿ ತೊಟ್ಟ ಮುದುಕಿ. ಆಗ ನಡೆದ ಮಾತನ್ನು ಅವಳ ಮಗನೇ ಆಮೇಲೆ ನಮಗೆ ಹೇಳಿದ.

"ಕರೀತಿದ್ದಾರೆ. ನಡೀರಿ."

"ಅಮ್ಮಾ, ಅದು ನೀರು!"

"ನೀರಾದ್ರೇನು? ಅವ್ರು ಆಗ್ಲೇ ರೊಟ್ಟಿ ಮುರಿದು ಕೂತಿದ್ದಾರೆ. ಕಾಯಿಸಬಾರದು."

ಅಂಗಿಯನ್ನು ಮೊಣಕಾಲಿಗೆ ಎತ್ತಿಕೊಂಡು ಇಳಿದೇಬಿಟ್ಟಳು. ನಮ್ಮ ಆ ದಂಡೆ ಮೋಸದ್ದು. ಸ್ವಲ್ಪ ದೂರ ಮೊಣಕಾಲುದ್ದ ನೀರು, ಆಮೇಲೆ ಮೆಟ್ಟಿಲು ತಪ್ಪಿದ ಹಾಗೆ ಒಮ್ಮೆಲೇ ಆಳ.

ಮೊದಲು ಕಂಡವಳು ನಾನು. "ಅಯ್ಯ, ಯಾರೋ ಮುದುಕಿ ಹೊಳಿಗೆ ಇಳದಾಳ!"

"ಯಾಕ? ಏನಾತು?" ಎಂದು ಕಿನಾವಿ ತಿರುಗಿದ.

"ನೀ ಊಟಕ್ಕ ಕರದ್ಯಲ್ಲೋ ಪುಣ್ಯಾತ್ಮಾ, ಬರಾಕತ್ತಾಳ!"

ಸಬಾಹಾ ಆಗಲೇ ಎದ್ದು ಲಂಗರು ಎಳೆಯುತ್ತಿದ್ದಳು. ಹುಟ್ಟು ಹಾಕುತ್ತ ಹೋದರೆ ಮುಟ್ಟುವ ಹೊತ್ತಿಗೆ ಮುದುಕಿ ಆಳದ ಅಂಚಿಗೆ ಬಂದಿರುತ್ತಾಳೆ. ಬಡಗಣ ಗಾಳಿ ಚೆನ್ನಾಗಿ ಬೀಸುತ್ತಿತ್ತು. ಅವಳು ಒಂದು ಸಲ ದಂಡೆ ನೋಡಿದಳು, ಒಂದು ಸಲ ಮೇಲೆ ಕಟ್ಟಿದ ಹಾಯಿ ನೋಡಿದಳು. ಗಂಡನ ಕೈಯನ್ನು ಹಿಡಿದು ಚುಕ್ಕಾಣಿಯ ಮೇಲೆ ಇಟ್ಟಳು. ಅಂಗಿಯ ಅಂಚನ್ನು ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಬರಿಗಾಲಿನಲ್ಲಿ ಹಾಯಿಗಂಬ ಹತ್ತತೊಡಗಿದಳು.

ಎರಡೂ ದಂಡೆ ನೋಡುತ್ತಿತ್ತು. ಗುಡಿ ನೋಡಲು ಬಂದವರು, ಕುದುರೆಗಾಡಿಯವರು, ಕಡಲೆ ಮಾರುವವರು ಎಲ್ಲರೂ ಬಾಯಿ ತೆರೆದು ನಿಂತಿದ್ದರು. ಅವಳು ತುದಿಗೆ ಹೋಗಿ ಅಡ್ಡತೊಲೆಯ ಮೇಲೆ ಹೊಟ್ಟೆಯೂರಿ ಗಂಟುಗಳನ್ನು ಒಂದೊಂದಾಗಿ ಎಳೆದಳು. ಹಾಯಿ ಫಟ್ಟೆಂದು ಬಿಚ್ಚಿ ಬಿತ್ತು. ದೋಣಿ ಮೈಮುರಿದು ಎದ್ದಿತು. ನಾನು ಕಲಿಮಾ ಹೇಳುತ್ತ ಕಣ್ಣು ಮುಚ್ಚಿದೆ, ಆದರೆ ನೋಡದೆ ಇರಲಾರದೆ ಮತ್ತೆ ತೆರೆದೆ.

ಇಳಿದು ಬಂದವಳೇ ಹಗ್ಗ ಬಿಗಿಹಿಡಿದು ಗಂಡನಿಗೆ ಕಣ್ಣಾದಳು. "ಎಡಕ್ಕ ಒತ್ತು. ಇನ್ನೂ. ಹಾಂ, ಸಾಕು, ಹಂಗ ಹಿಡಿ." ಕಿನಾವಿ ಕೆನ್ನೆಯನ್ನು ಗಾಳಿಗೆ ಒಡ್ಡಿ, ಅವಳು ಅರ್ಧ ಹೇಳುವಷ್ಟರಲ್ಲಿ ಪೂರ್ತಿ ಮಾಡುತ್ತಿದ್ದ. ಮದುಮಗನ ಹಾಗೆ ನಗುತ್ತಿದ್ದ ಅವನು. ಅಷ್ಟು ದಿನ ಅವನ ಮುಖದಲ್ಲಿ ಹಲ್ಲು ಕಂಡಿರಲಿಲ್ಲ.

ಅದೇ ಹೊತ್ತಿಗೆ ಹಿಫ್ನಿ ಮೇಲಿನ ಕಡೆಯಿಂದ ಎಂಜಿನ್ ದೋಣಿ ಓಡಿಸಿಕೊಂಡು ಬಂದ. ಮುದುಕಿಯನ್ನು ಉಳಿಸೋಣವೆಂದೇ ಬಂದದ್ದು, ಪಾಪ. ಆದರೆ ಅವನ ದೋಣಿ ಎಬ್ಬಿಸಿದ ಅಲೆ ಅವಳನ್ನು ಎದೆಮಟ್ಟ ಹೊಡೆಯಿತು. ಮುದುಕಿ ಓಲಾಡಿದಳು.

ನಮ್ಮಲ್ಲಿ ತಮ್ಮನ ಹೆಂಡತಿ ಭಾವನೆದುರು ದನಿ ಎತ್ತುವುದಿರಲಿ, ನೀರು ಬೇಕೇ ಎಂದು ಕೇಳುವುದೂ ಬಾಗಿಲ ಮರೆಯಿಂದ. ಸಬಾಹಾ ಹೊಳೆಯೆಲ್ಲ ಕೇಳುವ ಹಾಗೆ ಅಬ್ಬರಿಸಿದಳು: "ಭಾವಾ! ಎಂಜಿನ್ ಬಂದ್ ಮಾಡು! ಮ್ಯಾಲಿಂದ ಬರಬ್ಯಾಡ, ಮುದುಕೀನ್ನ ಕೊಲ್ತೀ!"

ಅವನು ಬೆಚ್ಚಿ ಎಂಜಿನ್ ನಿಲ್ಲಿಸಿಬಿಟ್ಟ.

ಬಲೆಯ ಹತ್ತಿರಕ್ಕೆ ಮೀನುಗಾರರು ಯಾವಾಗಲೂ ಹೊಳೆಯ ಕೆಳಗಿನ ಮಗ್ಗುಲಿನಿಂದ ಹೋಗುತ್ತಾರೆ, ಹರಿವೇ ಬಲೆಯನ್ನು ದೋಣಿಗೆ ತಂದುಕೊಡಲಿ ಎಂದು. ಸಬಾಹಾ ಮುದುಕಿಯನ್ನು ದಾಟಿ ಕೆಳಗೆ ಹೋಗಿ ದೋಣಿಯನ್ನು ಅಡ್ಡ ನಿಲ್ಲಿಸಿದಳು. ಅಷ್ಟರಲ್ಲಿ ಗಾಲಿಯಾಳ ಕಾಲು ಅಂಚು ತಪ್ಪಿತು. ಕರಿ ಅಂಗಿ ನೀರಿನ ಮೇಲೆ ಕೊಡೆಯ ಹಾಗೆ ಅರಳಿತು. ಹೊಳೆ ಅವಳನ್ನು ಎತ್ತಿಕೊಂಡು ಬಂದು ನೇರವಾಗಿ ಸಬಾಹಾಳ ತೋಳಿಗೆ ಹಾಕಿತು. ನಾನೂ ಕಂಬ ಬಿಟ್ಟು ಎಳೆದೆ. ಇಬ್ಬರೂ ಸೇರಿ ಒಳಗೆ ಕೆಡವಿಕೊಂಡೆವು.

ಮುದುಕಿ ಎದ್ದು ಕೂತಳು. ಮುಖ ಒರೆಸಿಕೊಂಡಳು. ನೀರು ಇಳಿಯುತ್ತಿದ್ದ ಅಂಗಿಯ ತೋಳನ್ನು ಮೇಲೇರಿಸಿ, "ಬಿಸ್ಮಿಲ್ಲಾ. ಎಲ್ಲಿ ಊಟ?" ಎಂದಳು.

ಕಿನಾವಿ ತನ್ನ ಕೈಯಲ್ಲಿದ್ದ ಮೀನನ್ನು ದನಿ ಬಂದ ಕಡೆಗೆ ಚಾಚಿದ. ಅಷ್ಟೂ ಹೊತ್ತು ಅದನ್ನು ಬಿಟ್ಟಿರಲಿಲ್ಲ ಮಾರಾಯ.

ದೋಣಿ ದಂಡೆಗೆ ತಾಗಿದ್ದೇ ತಡ ಅವರ ಬಸ್ಸಿನವರೆಲ್ಲ ಅಳುತ್ತ ನಗುತ್ತ ಮೇಲೆ ಬಂದರು. ಅವರ ಹಿರಿಯಳನ್ನು ಕರೆದರೆಂದರೆ ಅವರನ್ನೂ ಕರೆದ ಹಾಗೆ. ನಮ್ಮ ಬುಟ್ಟಿಯಲ್ಲಿ ಉಳಿದದ್ದು ಈರುಳ್ಳಿ. ಆಗ ಕಡವಿನ ಹಿರಿಯ, ಹಲ್ಲಿಲ್ಲದ ಬಿಖೀತ್ ಅಜ್ಜ, ತನ್ನವರ ಕಡೆ ತಿರುಗಿ, "ದಿನಾ ಎಲ್ಲಾರೂ ಕರೀತೀರಿ. ಇವತ್ತ ಖರೇನ ಬಂದಾರ. ತಗೀರಿ ಹೊರಗ ನಿಮ್ಮ ನಿಮ್ಮ ರೊಟ್ಟಿ!" ಎಂದು ಗದರಿದ. ಎಲ್ಲ ದೋಣಿಗಳಿಂದ ರೊಟ್ಟಿ ಬಂತು, ಬೀನ್ಸಿನ ಪಲ್ಯ ಬಂತು. ಓಯಸಿಸ್ಸಿನವರು ಖರ್ಜೂರದ ಬುಟ್ಟಿಗಳನ್ನು ಬಿಚ್ಚಿದರು.

ಉಂಡ ಮೇಲೆ ಸಬಾಹಾ ಹಾಯಿ ತಿರುಗಿಸಿ ಅವರನ್ನು ಹೊಳೆಯ ಮೇಲೆ ಊರು ತೋರಿಸಲು ಕರೆದುಕೊಂಡು ಹೋದಳು.

"ಅಲ್ಲಿ ನೋಡ್ರಿ, ಗುಡಿ ಕಂಬದ ನಡುವ ಮಿನಾರ ಕಾಣ್ತೈತಲ್ಲ, ಅದು ನಮ್ಮ ಅಬುಲ್ ಹಜ್ಜಾಜ್ ಬಾಬಾನ ಮಸೀದಿ. ಮೊದಲ ಗುಡಿಯೆಲ್ಲಾ ಮಣ್ಣಾಗ ಹೂತಿತ್ತು. ಮಣ್ಣ ತಗದ್ರು, ಮಸೀದಿ ಬಾಗಲ ಗಾಳ್ಯಾಗ ಉಳೀತು."

"ಹಾಗಾದ್ರೆ ನಮಾಜಿಗೆ ಹಾರ್ಕೊಂಡು ಹೋಗ್ತೀರಾ?" ಎಂದಳು ಗಾಲಿಯಾ.

"ಹಾರಾಕ ಬರ್ದವ್ರಿಗೆ ಹಿಂದ ಇನ್ನೊಂದ ಬಾಗಲ ಐತಿ ಅಮ್ಮಾ."

ಗಾಲಿಯಾ ನಕ್ಕು ನಕ್ಕು ಕೆಮ್ಮಿದಳು. ಆಮೇಲೆ ದಂಡೆಯ ಕಡೆ ತಿರುಗಿ ಕೂತಳು. "ಬೆಳಗಿಂದ ಕಲ್ಲು ನೋಡಿ ಕತ್ತು ಹಿಡ್ಕೊಂಡಿತ್ತು. ಅಷ್ಟು ಕಲ್ಲನ್ನ ಇಲ್ಲೇ ಯಾಕೆ ತಂದು ಹಾಕಿದ್ರು ಅಂತ ಈಗ ಗೊತ್ತಾಯ್ತು ನೋಡು. ಇಲ್ಲಿ ನೀರು ಕರೀದೆನೇ ಬರುತ್ತೆ" ಎಂದಳು. ಇಳಿಯುವಾಗ ಸಬಾಹಾಳ ಹಣೆಗೆ ಮುತ್ತಿಟ್ಟು, "ಕರೆದ್ಯಲ್ಲ, ಬಂದು ಕರ್ಕೊಂಡೂ ಹೋದ್ಯಲ್ಲ" ಎಂದು ಹರಸಿದಳು.

ಸಂತೋಷ ಅವತ್ತು ಸಂಜೆಯವರೆಗೆ ಮಾತ್ರ. ಹಿಫ್ನಿ ಜಗಲಿಗೆ ಬಂದವನೇ ಕೂಗಾಡಿದ.

"ನಮ್ಮ ಮನಿ ಹೆಣ್ಣು ಮಂಗ್ಯಾನಂಗ ಕಂಬ ಹತ್ತಿದ್ಲು! ಎರಡೂ ದಂಡಿ ಮಂದಿ ನೋಡಿದ್ರು! ನಾ ಇನ್ನ ಕಾಫಿ ಅಂಗಡ್ಯಾಗ ಹ್ಯಾಂಗ ಕುಂದರ್ಲಿ?"

"ಹಾಯಿ ಬಿಚ್ಚವ್ರು ಯಾರಾದ್ರೂ ಅಂದಿದ್ಯಲ್ಲ ಅಣ್ಣಾ" ಎಂದ ಕಿನಾವಿ ಮೆಲ್ಲಗೆ.

"ಯಾರಾದ್ರೂ ಅಂದ್ರ ಗಂಡಸು! ಅದನ್ನೂ ಬಿಡಿಸಿ ಹೇಳಬೇಕೇನ? ಇನ್ನ ಆ ಕಂಬ ಇರಾಕ ಬಿಡೂದಿಲ್ಲ. ಕಂಬಾನ ಇಲ್ಲಂದ್ರ ಹತ್ತೂದೆಲ್ಲಿ? ಹಬ್ಬದ ಮರುದಿನಾನ ಕೊಯಸ್ತೀನಿ."

ಬಿಖೀತ್ ಅಜ್ಜನನ್ನು ಕೇಳಿದರೆ, "ಅಕಿ ಹಾಯಿ ಹಿಡದದ್ದು ಚಂದಿತ್ತು. ಹತ್ತಿದ್ದು..." ಎಂದು ಗಡ್ಡ ಕೆರೆದುಕೊಂಡ. ಗಂಡಸರಲ್ಲಿ ಯಾರೂ ಬಾಯಿ ಬಿಡಲಿಲ್ಲ.

ಬಾಯಿ ಬಿಟ್ಟವರು ಹೆಂಗಸರು. ಮೊದಲು ಬಿಟ್ಟವಳು ನಾನೇ ಎನ್ನಬಹುದು. ಒಲೆಯ ಹತ್ತಿರ ಹೇಳಿದೆ, ಸಂತೆಯಲ್ಲಿ ಹೇಳಿದೆ, ಗೋರಿಗಳ ಹತ್ತಿರ ಸತ್ತವರ ಹೆಸರಿನಲ್ಲಿ ಖರ್ಜೂರ ಹಂಚುವಾಗ ಹೇಳಿದೆ. ಹೇಳಿದ ಹಾಗೆಲ್ಲ ಒಂದು ಸಂಗತಿ ಹೊಳೆಯಿತು. ಲೋಕದ ಜನರೆಲ್ಲ ನಮ್ಮೂರು ನೋಡಲು ಬರುತ್ತಾರೆ, ನಮ್ಮ ಹೆಂಗಸರು ಹೊಳೆಯ ಮೇಲಿನಿಂದ ಒಂದು ಸಲವೂ ಊರು ನೋಡಿಲ್ಲ. ಹಬ್ಬದಲ್ಲಿ ಗಂಡಸರು, ಮಕ್ಕಳು ದೋಣಿ ಹತ್ತುತ್ತಾರೆ. ಪರಗಂಡಸಿನ ದೋಣಿ ಎಂದು ನಮ್ಮನ್ನು ಬಿಡುವುದಿಲ್ಲ. "ಹೆಂಗಸಿನ ದೋಣಿ ಐತಂತ" ಎಂಬ ಮಾತು ಗಲ್ಲಿಯಿಂದ ಗಲ್ಲಿಗೆ ಹೋಯಿತು. ಚುಕ್ಕಾಣಿ ಹಿಡಿಯುವ ಕಿನಾವಿಗೋ ಕಣ್ಣೇ ಕಾಣದು. ಹೆಂಗಸಿನ ದೋಣಿಗೆ ಯಾವ ಗಂಡ ಏನೆಂದು ಬೇಡ ಎಂದಾನು?

ಹಬ್ಬದ ಮರುದಿನ ಬಿಸಿಲೇರುವ ಹೊತ್ತಿಗೆ ಹಿಫ್ನಿ ಕಡವಿಗೆ ಬಂದ. ಮುಸಲ್ಮಾನ ಬಡಗಿಗಳೆಲ್ಲ ಹಬ್ಬದಲ್ಲಿದ್ದರು, ಅದಕ್ಕೆ ಕ್ರೈಸ್ತರ ಬಿಶಾಯ್‌ನನ್ನು ಗರಗಸದ ಸಮೇತ ಹಿಡಿದು ತಂದಿದ್ದ. ಇಬ್ಬರೂ ಮೆಟ್ಟಿಲ ಮೇಲೆ ನಿಂತುಬಿಟ್ಟರು.

ನೆಜ್ಮಾದಲ್ಲಿ ಕಾಲಿಡಲು ಜಾಗವಿರಲಿಲ್ಲ. ಅಜ್ಜಿಯರು, ಬಾಣಂತಿಯರು, ಕೈಗೆ ಮದರಂಗಿ ಹಚ್ಚಿದ ಹೊಸ ಮದುವಣಗಿತ್ತಿಯರು. ನಡುವೆ ಹಾಯಿಗಂಬಕ್ಕೆ ಒರಗಿ ಕಾಲು ಚಾಚಿ ಕಲ್ಲಂಗಡಿ ಬೀಜ ಸುಲಿಯುತ್ತ ಒಬ್ಬ ದಪ್ಪ ಮುದುಕಿ ಕೂತಿದ್ದಳು.

"ನಡೀ ಬಿಶಾಯ್, ಎಲ್ಲಾರ್ನೂ ಇಳಸಿ ಕೆಲಸಾ ಸುರು ಮಾಡು" ಎಂದ ಹಿಫ್ನಿ.

"ಹ್ಯಾಂಗ ಮಾಡ್ಲಿ ಹಾಜಿ? ಕಂಬಕ್ಕ ನಮ್ಮವ್ವ ಆನ್ಕೊಂಡ ಕುಂತಾಳ."

ಮುದುಕಿ ಬೀಜದ ಸಿಪ್ಪೆ ಉಗಿದಳು. "ಏನೋ ಬಿಶಾಯ್, ಹಬ್ಬದಾಗ ಗರಗಸ ಹಿಡ್ಕೊಂಡ ಬಂದೀ? ಯಾರ ಕುತ್ತಿಗಿ ಕೊಯ್ಯಾಕ?"

"ಇಲ್ಲಬೇ ಯವ್ವಾ, ಸುಮ್ನ..." ಬಿಶಾಯ್ ಗರಗಸವನ್ನು ಬೆನ್ನ ಹಿಂದೆ ಮಾಡಿಕೊಂಡ.

ಹಿಫ್ನಿ ಎರಡು ಮೆಟ್ಟಿಲು ಇಳಿದು ಕೈ ಎತ್ತಿದವನು ಹಾಗೆಯೇ ನಿಂತ. ದೋಣಿಯ ಮುಂಭಾಗದಲ್ಲಿ, ಹೊಸ ಸೆರಗು ಹೊದ್ದು, ಹೆಣ್ಣುಮಕ್ಕಳನ್ನು ಎರಡೂ ಬದಿಗೆ ಕೂರಿಸಿಕೊಂಡು ತಫೀದಾ ಕೂತಿದ್ದಳು. ಅವನ ಸ್ವಂತ ಹೆಂಡತಿ.

"ನೀನೂ ಏನ?" ಎಂದ.

"ನಿಮ್ಮ ಎಂಜಿನ್ ದೋಣ್ಯಾಗ ಇಷ್ಟ ವರ್ಷದಾಗ ಒಮ್ಮಿನೂ ಕರ್ಕೊಂಡ ಹೋಗಿಲ್ಲಲ್ಲ? ಈಗ ಹೋಗಾಕತ್ತೀನಿ. ಗರಗಸ ಹಾಕೂದಿದ್ರ ಮೊದಲ ನನ್ನ ಮ್ಯಾಲ ಹಾಕ್ರಿ" ಎಂದಳು ತಫೀದಾ, ಸೆರಗು ಸರಿಮಾಡಿಕೊಳ್ಳುತ್ತ.

ಕಡವಿನ ಗಂಡಸರು ಒಬ್ಬೊಬ್ಬರಾಗಿ ಬೇರೆ ಕಡೆ ನೋಡತೊಡಗಿದರು. ಅವರವರ ಮನೆಯವರೂ ದೋಣಿಯಲ್ಲಿದ್ದರು. ಕಾಫಿ ಅಂಗಡಿಯಲ್ಲಿ ತಲೆ ತಗ್ಗಿಸುವುದಾದರೆ ಎಲ್ಲರೂ ಒಟ್ಟಿಗೇ ತಗ್ಗಿಸಬೇಕು.

ಅಷ್ಟು ಭಾರಕ್ಕೆ ನೆಜ್ಮಾ ಕೆಸರಿಗೆ ಕಚ್ಚಿಕೊಂಡು ನಿಂತಿತ್ತು. ಕಿನಾವಿ ಚುಕ್ಕಾಣಿ ಹಿಡಿದು ಮುಖವನ್ನು ಗಾಳಿಗೆ ಎತ್ತಿ ಕೂತಿದ್ದ. ಸಬಾಹಾ ಅಂಗಿಯ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಬಿಶಾಯ್‌ನ ಅವ್ವನ ತಲೆ ತುಳಿಯದ ಹಾಗೆ ಕಂಬ ಹತ್ತುತ್ತಿದ್ದಳು. ಬಿಖೀತ್ ಅಜ್ಜ ಕೋಲೂರಿ ಮುಂದೆ ಬಂದ. ಇಷ್ಟು ದಿನ ಬಾಯಲ್ಲಿ ಇಟ್ಟುಕೊಂಡಿದ್ದನ್ನು ಕಡೆಗೂ ಹೊರಗೆ ಹಾಕಿದ.

"ಹಾಜಿ, ದಂಡಿಗೆ ಕಚ್ಚಿದ ದೋಣಿ ನೋಡಿ ಹೆಗಲ ಕೊಡದವ ದೋಣಿಯವ ಅಲ್ಲ. ನಿಮ್ಮಪ್ಪ ಕಟ್ಟಿದ ದೋಣಿ. ಬಾ."

ಹಿಫ್ನಿ ಹೆಂಡತಿಯನ್ನು ನೋಡಿದ, ಕಂಬದ ತುದಿಯನ್ನು ನೋಡಿದ. ಚಪ್ಪಲಿ ಬಿಟ್ಟ. ಹಬ್ಬದ ಹೊಸ ಅಂಗಿಯಲ್ಲೇ ಕೆಸರಿಗೆ ಇಳಿದು ಹಲಗೆಗೆ ಹೆಗಲು ಕೊಟ್ಟ. ಬಿಶಾಯ್ ಗರಗಸವನ್ನು ಮೆಟ್ಟಿಲ ಮೇಲೆ ಎಸೆದು ಅವನ ಪಕ್ಕಕ್ಕೆ ನಿಂತ.

"ಇನ್ನೊಂಚೂರ, ಭಾವಾ!" ಎಂದು ಮೇಲಿನಿಂದ ಸಬಾಹಾ ಕೂಗಿದಳು. "ಹಾಂ, ಬಂತು, ಬಂತು!"

ದೋಣಿ ಕೆಸರು ಬಿಟ್ಟಿತು. ಹಾಯಿ ಬಿಚ್ಚಿ ಗಾಳಿ ತುಂಬಿತು. ನಾವೆಲ್ಲ ನಾಲಗೆ ಆಡಿಸಿ ಹಾಕಿದ ಉಲೂಲು ಆಚೆ ದಂಡೆಯ ಕಬ್ಬಿನ ಗದ್ದೆಯವರೆಗೆ ಕೇಳಿಸಿತಂತೆ. ಯಾರೋ "ರಯ್ಯಿಸಾ!" ಎಂದರು. ದೋಣಿಯ ಒಡೆಯನಿಗೆ ನಾವು ರಯ್ಯಿಸ್ ಎನ್ನುತ್ತೇವೆ. ಹೆಂಗಸಿಗೆ ಆ ಮಾತನ್ನು ಯಾರೂ ಹಚ್ಚಿರಲಿಲ್ಲ. ಅವತ್ತಿನಿಂದ ಕಡವಿನಲ್ಲಿ ಅವಳಿಗೆ ಬೇರೆ ಹೆಸರಿರಲಿಲ್ಲ.

ನಡುಹೊಳೆಗೆ ಬಂದಾಗ ಗುಡಿ ಪೂರ್ತಿಯಾಗಿ ಕಂಡಿತು, ಕಂಬಗಳ ಸಾಲಿನ ಮೇಲೆ ಬಿಸಿಲು ಬಿದ್ದು ಜೇನಿನ ಬಣ್ಣ ಬಂದಿತ್ತು. ತಫೀದಾ ಬಾಯಿ ಮೇಲೆ ಕೈಯಿಟ್ಟುಕೊಂಡಳು.

"ಸಬಾಹಾ, ಅದು ಯಾವ ಅರಮನಿ?"

"ನಿನ್ನ ಮನಿ ಹಿತ್ತಲದಾಗ ಇರೂದು ಅಕ್ಕಾ. ಲಕ್ಸರ್ ಗುಡಿ."

"ಸುಳ್ಳ ಹೇಳಬ್ಯಾಡ! ಇಷ್ಟ ಚಂದ ಐತೇನ ಅದು?"